ಪ್ರಾಮಿಸ್ಡ್ ನೆವರ್‌ಲ್ಯಾಂಡ್ ಅನಿಮೆಯ ಮೊದಲ ಸೀಸನ್ ತುಂಬಾ ಇಷ್ಟವಾಯಿತು. ಎರಡನೆಯದು ನಿಜಕ್ಕೂ ಅಷ್ಟು ಕೆಟ್ಟದಾ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಮೊದಲ ಸೀಸನ್ ಒಂದೇ ರಾತ್ರಿ ಕೂತು ಮುಗಿಸಿದೆ, ಅದರ ಮೂಲವಾದ ಮಂಗಾ (ಜಪಾನಿ ಕಾಮಿಕ್) ಓದಿಲ್ಲ, ಎರಡನೆಯದನ್ನು ಎಲ್ಲರೂ ಬೈಯುತ್ತಿದ್ದಾರೆ, ಅದು ಮಂಗಾ ಓದಿದವರ ಮುನಿಸಾ ಅಥವಾ ಕಥೆಯಲ್ಲೇ ಕೊರತೆ ಇದೆಯಾ ಎಂದು ಕೇಳಿದ್ದೀರಿ. ನಾನೂ ನಿಮ್ಮ ಹಾಗೆ ಅನಿಮೆ, ಅಂದರೆ ಆ ಜಪಾನಿ ಕಾರ್ಟೂನ್ ಸರಣಿ, ನೋಡಿಯೇ ಶುರು ಮಾಡಿದವನು. 2021ರಲ್ಲಿ ಎರಡನೇ ಸೀಸನ್ ಬರುವಾಗ ತಮ್ಮನ ಜೊತೆ ವಾರಕ್ಕೊಂದು ಕಂತು ನೋಡುತ್ತಿದ್ದೆ. ಮಂಗಾ ಹಿಡಿದದ್ದು ಅದು ಮುಗಿದ ಮೇಲೆ, ಸಿಟ್ಟಿನಲ್ಲಿ. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ಮುನಿಸು ಮಾತ್ರ ಅಲ್ಲ. ಕೊರತೆ ಕಥೆಯಲ್ಲೇ ಇದೆ.

ಇಲ್ಲಿಂದ ಮುಂದೆ ಕಥೆಯನ್ನೆಲ್ಲ ಬಿಚ್ಚಿಡುತ್ತೇನೆ. ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಮೊದಲ ಸೀಸನ್ ನಿಮ್ಮನ್ನು ಹಿಡಿದು ಕೂರಿಸಿದ್ದು ಯಾಕೆ ಅಂತ ಒಮ್ಮೆ ಯೋಚಿಸಿ. ರಾಕ್ಷಸರಿಂದಲ್ಲ. ಅವರು ತೆರೆಯ ಮೇಲೆ ಬಂದದ್ದೇ ಅಪರೂಪ. ಇದ್ದದ್ದು ಒಂದು ಮನೆ, 38 ಮಕ್ಕಳು, ನಗುನಗುತ್ತಾ ಎಲ್ಲರ ಮೇಲೂ ಕಣ್ಣಿಟ್ಟಿರುವ ಒಬ್ಬ ಅಮ್ಮ. ಅನಾಥಾಶ್ರಮ ಅಂದುಕೊಂಡಿದ್ದ ಆ ಮನೆ ರಾಕ್ಷಸರಿಗೆ ತಿನ್ನಲು ಮಕ್ಕಳನ್ನು ಸಾಕುವ ಫಾರ್ಮ್ ಅಂತ ಎಮ್ಮಾ, ನಾರ್ಮನ್, ರೇ ಅನ್ನುವ ಮೂವರು ಮಕ್ಕಳಿಗೆ ಗೊತ್ತಾಗಿದೆ, ಅಮ್ಮನ ಕಣ್ಣು ತಪ್ಪಿಸಿ ಓಡಬೇಕು. ಯಾರಿಗೆ ಎಷ್ಟು ಗೊತ್ತು, ಯಾರಿಗೆ ಗೊತ್ತಿರುವುದು ಇನ್ಯಾರಿಗೆ ಗೊತ್ತು ಅನ್ನುವುದೇ ಆಟ. ಹಗ್ಗ ಎಲ್ಲಿಟ್ಟಿದ್ದೇನೆ ಎಂದು ಒಬ್ಬೊಬ್ಬರಿಗೆ ಒಂದೊಂದು ಜಾಗ ಹೇಳಿ ನಾರ್ಮನ್ ಬಲೆ ಬೀಸುತ್ತಾನಲ್ಲ, ಅಂಥದ್ದು. ಶೋನೆನ್ (ಹುಡುಗರಿಗೆಂದು ಬರೆಯುವ ಜಪಾನಿ ಕಥೆ) ಅಂದರೆ ಬರೀ ಗುದ್ದಾಟ ಅಂದುಕೊಂಡವರಿಗೆ ಇದು ಹೊಸ ರುಚಿ.

ಇನ್ನೂ ಒಂದು ವಿಷಯ ಇದೆ. ಅದನ್ನು ನಾನು ಗಮನಿಸಿದ್ದು ಎರಡನೇ ಸಲ ನೋಡುವಾಗ. ಅಲ್ಲಿ ಏನೂ ಪುಕ್ಕಟೆ ಸಿಗುವುದಿಲ್ಲ. ದತ್ತು ಹೋಗುತ್ತಾಳೆ ಅಂದುಕೊಂಡಿದ್ದ ಪುಟಾಣಿ ಕಾನಿ ಮರೆತುಹೋದ ಮೊಲದ ಗೊಂಬೆ ಕೊಡಲು ಗೇಟಿನವರೆಗೆ ಹೋದದ್ದಕ್ಕೆ ಎಮ್ಮಾ ಮತ್ತು ನಾರ್ಮನ್ ಬಾಲ್ಯವನ್ನೇ ತೆತ್ತರು. ಗೋಡೆಯ ಆಚೆ ನೋಡಲು ಹೊರಟದ್ದಕ್ಕೆ ಎಮ್ಮಾಳ ಕಾಲು ಮುರಿಯಿತು. ನಾರ್ಮನ್ ಹೋದ. ಕೊನೆಗೆ ಅಮ್ಮನ ದಿಕ್ಕು ತಪ್ಪಿಸಲು ಎಮ್ಮಾ ಟ್ರ್ಯಾಕರ್ ಇದ್ದ ಕಿವಿಯನ್ನೇ ಕೊಯ್ದುಕೊಂಡಳು. ಅಷ್ಟಾಗಿಯೂ ಎಲ್ಲರನ್ನೂ ಕರೆದೊಯ್ಯಲು ಆಗಲಿಲ್ಲ. ಹೊರಬಿದ್ದವರು 15 ಮಂದಿ. ಪುಟ್ಟ ಮಕ್ಕಳನ್ನು ಫಿಲ್ ಅನ್ನುವ ಪುಟ್ಟ ಹುಡುಗನ ಜೊತೆ ಬಿಟ್ಟು ಬರಬೇಕಾಯಿತು. ಗೆದ್ದರೂ ಎದೆ ಭಾರ. ಆ ಸೀಸನ್ನಿನ ಜೀವ ಇರುವುದು ಅಲ್ಲೇ.

ಎರಡನೇ ಸೀಸನ್ನಿನಲ್ಲಿ ಯಾರೂ ಏನನ್ನೂ ತೆರುವುದಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಇದರ ಕೊಂಬೆಗಳು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಕೈಯು ಶಿರಾಯಿ ಬರೆದು ಪೊಸುಕಾ ಡೆಮಿಜು ಚಿತ್ರ ಬಿಡಿಸಿದ ಈ ಮಂಗಾ ವೀಕ್ಲಿ ಶೋನೆನ್ ಜಂಪ್ ಅನ್ನುವ ವಾರಪತ್ರಿಕೆಯಲ್ಲಿ 2016ರಿಂದ 2020ರವರೆಗೆ ಬಂತು. ಒಟ್ಟು 181 ಅಧ್ಯಾಯ, 20 ಸಂಪುಟ. 2019ರ ಮೊದಲ ಸೀಸನ್ 12 ಕಂತುಗಳಲ್ಲಿ 37 ಅಧ್ಯಾಯ ಹೇಳಿತು. ಅಂದರೆ ಕಂತಿಗೆ ಸುಮಾರು ಮೂರು. ಉಳಿದದ್ದು 144 ಅಧ್ಯಾಯ. ಎರಡನೇ ಸೀಸನ್ನಿಗೆ ಸಿಕ್ಕಿದ್ದು 11 ಕಂತು, ಅಷ್ಟರಲ್ಲೇ ಕಥೆ ಮುಗಿಯಬೇಕು. ಕಂತಿಗೆ ಹದಿಮೂರು ಬೀಳುತ್ತದೆ. ಕತ್ತರಿ ಹಾಕದೆ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಸ್ಟುಡಿಯೊ ಅದೇ ಕ್ಲೋವರ್‌ವರ್ಕ್ಸ್, ನಿರ್ದೇಶಕ ಅದೇ ಮಮೊರು ಕನ್ಬೆ. ಕೈ ಬದಲಾಗಿ ಕೆಟ್ಟಿತು ಅನ್ನುವ ಹಾಗೂ ಇಲ್ಲ. ಕತ್ತರಿ ಎಲ್ಲಿ ಬಿತ್ತು ಅನ್ನುವುದೇ ಪ್ರಶ್ನೆ.

ಮೊದಲ ಎರಡು ಕಂತು ನೋಡುವಾಗ ನಮಗೆ ಅನುಮಾನವೇ ಬರಲಿಲ್ಲ. ಕಾಡಿನಲ್ಲಿ ಮನುಷ್ಯರನ್ನು ತಿನ್ನದ ಇಬ್ಬರು ರಾಕ್ಷಸರು ಸಿಗುತ್ತಾರೆ, ಮುಜಿಕಾ ಮತ್ತು ಸೊಂಜು. ಸೊಂಜು ಎಮ್ಮಾಳಿಗೆ ಬೇಟೆ ಕಲಿಸುತ್ತಾನೆ. ಅವಳು ಒಂದು ಹಕ್ಕಿ ಹೊಡೆಯುತ್ತಾಳೆ. ಅದರ ಎದೆಗೆ ಹೂವೊಂದನ್ನು ಚುಚ್ಚುವ ಪದ್ಧತಿ ಇದೆ. ಸತ್ತ ಕಾನಿಯ ಎದೆಯಲ್ಲಿ ಅವಳು ನೋಡಿದ್ದು ಅದೇ ಹೂವು. ತಿನ್ನುವವರ ಜಾಗದಲ್ಲಿ ಈಗ ತಾನೇ ನಿಂತಿದ್ದೇನೆ ಅಂತ ಅವಳ ಮುಖದಲ್ಲಿ ಕಾಣುತ್ತದೆ. ತಮ್ಮ ಚಿಪ್ಸ್ ಪ್ಯಾಕೆಟ್ ಪಕ್ಕಕ್ಕಿಟ್ಟ, ಅಷ್ಟು ಚೆನ್ನಾಗಿತ್ತು. ಅದೇ ಸೊಂಜು, ಫಾರ್ಮ್‌ಗಳಲ್ಲಿ ಸಾಕಿದ ಮನುಷ್ಯರನ್ನು ತಾನು ತಿನ್ನದಿರುವುದು ಧರ್ಮಕ್ಕಾಗಿ, ದಯೆಯಿಂದಲ್ಲ ಅನ್ನುವ ಸುಳಿವನ್ನೂ ಕೊಡುತ್ತಾನೆ. ಬೇಟೆಯಾಡಿ ತಿನ್ನುವ ಆಸೆ ಅವನಿಗೆ ಇದ್ದೇ ಇದೆ. ಮುಂದೆ ಇದು ದೊಡ್ಡದಾಗುತ್ತದೆ ಅಂತ ನಾವು ಕಾದದ್ದೇ ಬಂತು. ಆ ಎಳೆಯನ್ನು ಯಾರೂ ಮತ್ತೆ ಸರಿಯಾಗಿ ಕೈಗೆತ್ತಿಕೊಳ್ಳಲಿಲ್ಲ.

ಆಮೇಲೆ ಮಕ್ಕಳು ನೆಲದಡಿಯ ಅಡಗುತಾಣ ತಲುಪುತ್ತಾರೆ. ಊಟ ಇದೆ, ಹಾಸಿಗೆ ಇದೆ, ನೀರು ಇದೆ. ಮನುಷ್ಯ ಮಾತ್ರ ಇಲ್ಲ. ಆಗ ನನಗೆ ಏನೂ ಅನ್ನಿಸಲಿಲ್ಲ, ಮಕ್ಕಳಿಗೆ ಸ್ವಲ್ಪ ಆರಾಮ ಸಿಕ್ಕಿತಲ್ಲ ಅಂದುಕೊಂಡೆ. ಮಂಗಾ ಓದಿದಾಗ ಗೊತ್ತಾಯಿತು, ಅಲ್ಲೊಬ್ಬ ಇದ್ದಾನೆ. ಹೆಸರು ಯೂಗೊ. ಇನ್ನೊಂದು ಫಾರ್ಮ್‌ನಿಂದ ತನ್ನವರನ್ನೆಲ್ಲ ಕರೆದುಕೊಂಡು ತಪ್ಪಿಸಿಕೊಂಡು ಬಂದವನು. ಎಲ್ಲರನ್ನೂ ಕಳೆದುಕೊಂಡು 13 ವರ್ಷ ಆ ಗುಂಡಿಯಲ್ಲಿ ಒಬ್ಬನೇ ಬದುಕಿದವನು. ಮಕ್ಕಳನ್ನು ಕಂಡರೆ ಉರಿದು ಬೀಳುತ್ತಾನೆ. ಯಾಕೆಂದರೆ ಅವರು ಅವನ ಹಳೆಯ ಕನ್ನಡಿ. ಎಮ್ಮಾ ಮುಂದೆ ಏನಾಗಬಹುದು ಅನ್ನುವುದು ಮೈ ಕೈ ಬಂದು ಎದುರಿಗೆ ಕೂತ ಹಾಗೆ.

ಅನಿಮೆ ಆ ಮನುಷ್ಯನನ್ನು ಪೂರ್ತಿ ತೆಗೆದುಹಾಕಿತು. ಅವನ ಜೊತೆಗೆ ಗೋಲ್ಡಿ ಪಾಂಡ್ ಅನ್ನುವ ಇಡೀ ಭಾಗವೂ ಹೋಯಿತು. ಅದು ಶ್ರೀಮಂತ ರಾಕ್ಷಸರು ಮನುಷ್ಯರನ್ನು ಅಟ್ಟಾಡಿಸಿ ಬೇಟೆಯಾಡುವ ಗುಟ್ಟಿನ ಜಾಗ. ಎಮ್ಮಾ ಅಲ್ಲಿ ಸಿಕ್ಕಿಬೀಳುತ್ತಾಳೆ, ಅಲ್ಲಿರುವವರ ಜೊತೆ ಸೇರಿ ತಿರುಗಿ ಬೀಳುತ್ತಾಳೆ. ಮಂಗಾ ಓದಿದವರು ಇದಕ್ಕಾಗಿ ಅಷ್ಟು ಅತ್ತಾಗ ನಾನು, 'ಒಂದು ಒಳ್ಳೆ ಫೈಟ್ ಹೋಯ್ತು ಅಂತ ಇಷ್ಟು ಗೋಳಾ?' ಅಂದುಕೊಂಡಿದ್ದೆ. ತಪ್ಪು ನನ್ನದೇ. ಹೋದದ್ದು ಬರೀ ಫೈಟ್ ಅಲ್ಲ.

ಎರಡನೇ ಅರ್ಧದಲ್ಲಿ ಕಥೆ ನಿಂತಿರುವುದು ಒಂದೇ ಜಗಳದ ಮೇಲೆ. ಸತ್ತ ಅಂದುಕೊಂಡಿದ್ದ ನಾರ್ಮನ್ ವಾಪಸ್ ಬರುತ್ತಾನೆ. ಮನುಷ್ಯರ ಮಾಂಸ ಸಿಗದಿದ್ದರೆ ರಾಕ್ಷಸರು ಬುದ್ಧಿ ಕಳೆದುಕೊಂಡು ಮೃಗಗಳಾಗುತ್ತಾರೆ. ಆ ಇಳಿತವನ್ನು ಒಂದೇ ಸಲಕ್ಕೆ ತರುವ ಮದ್ದು ಅವನ ಹತ್ತಿರ ಇದೆ. ಅದನ್ನು ಹರಡಿ ಕುಲವನ್ನೇ ಅಳಿಸಿಬಿಡಬೇಕು ಅನ್ನುವುದು ಅವನ ಲೆಕ್ಕ. ಬೇಡ ಅನ್ನುವುದು ಎಮ್ಮಾ. ಅವರಲ್ಲೂ ಮಕ್ಕಳಿದ್ದಾರೆ, ಮುಜಿಕಾಳ ರಕ್ತ ಕುಡಿದವರಿಗೆ ಮನುಷ್ಯರನ್ನು ತಿನ್ನುವ ಅಗತ್ಯವೇ ಇರುವುದಿಲ್ಲ, ಬೇರೆ ದಾರಿ ಹುಡುಕೋಣ ಅನ್ನುತ್ತಾಳೆ.

ಮಂಗಾದಲ್ಲಿ ಈ ಮಾತು ಆಡುವ ಎಮ್ಮಾ ಯಾರು? ಗೋಲ್ಡಿ ಪಾಂಡ್‌ನಲ್ಲಿ ಕಣ್ಣೆದುರೇ ಮಕ್ಕಳು ಸತ್ತದ್ದನ್ನು ನೋಡಿದವಳು. ರಾಕ್ಷಸರನ್ನು ಕೊಂದವಳು. ಕೊಂದು ನೋಡಿದವಳು 'ಕೊಲ್ಲುವುದು ಬೇಡ' ಅಂದರೆ ಆ ಮಾತಿಗೆ ತೂಕ ಇರುತ್ತದೆ. ಅನಿಮೆಯ ಎಮ್ಮಾ ಹೊಡೆದದ್ದು ಆ ಒಂದು ಹಕ್ಕಿಯನ್ನು. ಅದೇ ಮಾತನ್ನು ಅವಳು ಆಡಿದಾಗ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೇಳುತ್ತದೆ. ತಮ್ಮನಂತೂ 'ನಾರ್ಮನ್ ಹೇಳ್ತಿರೋದೇ ಸರಿ ಅಲ್ವಾ?' ಅಂದ. ನನಗೆ ಉತ್ತರ ಹೊಳೆಯಲಿಲ್ಲ. ನಾಯಕಿಯ ಮಾತು ಹಿಡಿದು ವಾದ ಮಾಡಲು ನೋಡುವವನ ಕೈಗೆ ಒಂದು ಕಡ್ಡಿಯನ್ನೂ ಕೊಟ್ಟಿರಲಿಲ್ಲ ಆ ಸೀಸನ್. ಅವಳ ಪಾತ್ರ ಬದಲಾಯಿತು ಅಂತ ಜನ ಬೈಯುತ್ತಾರೆ. ಪಾತ್ರ ಬದಲಾಗಲಿಲ್ಲ. ಬದಲಾಗಬೇಕಾಗಿತ್ತು, ಅದಕ್ಕೆ ಬೇಕಾದ ದಾರಿಯನ್ನೇ ಕಿತ್ತುಹಾಕಿದರು.

ನಾರ್ಮನ್ ಗತಿಯೂ ಅಷ್ಟೇ. ಲ್ಯಾಂಬ್ಡಾ ಅನ್ನುವ ಪ್ರಯೋಗದ ಜಾಗದಲ್ಲಿ ಅವನು ಅನುಭವಿಸಿದ್ದು, ಅಲ್ಲಿಂದ ಜೊತೆಗಾರರನ್ನು ಬಿಡಿಸಿ ತಂದದ್ದು, ಮಕ್ಕಳಿಗೆ ಗುಟ್ಟಾಗಿ ಸುಳಿವು ಬಿಟ್ಟಿದ್ದ ವಿಲಿಯಂ ಮಿನರ್ವಾನ ಹೆಸರು ತೊಟ್ಟದ್ದು, ಇವೆಲ್ಲ ಬಾಯಿಮಾತಿನಲ್ಲಿ ಮುಗಿದುಹೋಗುತ್ತವೆ. ಮೊದಲ ಸೀಸನ್ನಿನ ಮೆದು ಹುಡುಗ ಒಂದು ಕುಲವನ್ನೇ ಅಳಿಸಲು ಹೇಗೆ ಸಿದ್ಧನಾದ ಅಂತ ನಾವು ಕಾಣಬೇಕಿತ್ತು, ಕೇಳಿದೆವು. ಅವನು ಸತ್ತ ಅಂದುಕೊಂಡು ಹೋದ ಸೀಸನ್ನಿನಲ್ಲಿ ಕಣ್ಣು ಒದ್ದೆ ಮಾಡಿಕೊಂಡಿದ್ದೆವಲ್ಲ, ಈಗ ಅರ್ಧ ದಾರಿಗೇ ಬಂದು ನಿಂತಾಗ ಖುಷಿಗಿಂತ 'ಇಷ್ಟು ಬೇಗನಾ?' ಅನ್ನಿಸಿತು. ಅವನ ಮನಸ್ಸು ತಿರುಗುವುದಂತೂ ಇನ್ನೂ ಬೇಗ. ಹಳ್ಳಿಯಲ್ಲಿ ಮದ್ದು ಹರಡುತ್ತಾನೆ, ಒಂದು ರಾಕ್ಷಸ ಮಗು ಮತ್ತು ಅದರ ಅಜ್ಜನ ಮುಂದೆ ಕೈ ತಡೆಯುತ್ತದೆ, ಎಮ್ಮಾ ಮತ್ತು ರೇ ಬರುತ್ತಾರೆ, ಅಳು, ಮುಗಿಯಿತು. ಆ ಹಳ್ಳಿಯಲ್ಲಿ ಸತ್ತವರ ಭಾರ ಅವನ ಮೇಲೆ ಆಮೇಲೆ ಎಷ್ಟು ಕಾಣುತ್ತದೆ ಅಂತ ನೋಡುವಾಗ ನೀವೇ ಗಮನಿಸಿ.

ರೇ ಬಗ್ಗೆ ಹೇಳಲು ಹೆಚ್ಚಿಲ್ಲ, ಯಾಕೆಂದರೆ ಅವನಿಗೆ ಮಾಡಲು ಹೆಚ್ಚಿಲ್ಲ. ತನ್ನ ಹುಟ್ಟುಹಬ್ಬದ ದಿನ ಮೈಗೆ ಬೆಂಕಿ ಹಚ್ಚಿಕೊಳ್ಳಲು ವರ್ಷಗಟ್ಟಲೆ ಕಾದಿದ್ದ ಹುಡುಗ ಇಲ್ಲಿ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಾನೆ. ಜೊತೆಗೆ ತಪ್ಪಿಸಿಕೊಂಡ ಡಾನ್, ಗಿಲ್ಡಾ? ಇದ್ದಾರೆ. ಮದುವೆ ಮನೆಯ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತವರ ಹಾಗೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಆ ಮನೆಯ ಅಮ್ಮ ಇಸಬೆಲ್ಲಾ ವಿಷಯದಲ್ಲಿ. ಮೊದಲ ಸೀಸನ್ನಿನ ಕೊನೆಯ ಕಂತು ನೆನಪಿದೆ ಅಲ್ವಾ? ಅವಳೂ ಒಮ್ಮೆ ಅಂಥದ್ದೇ ಮನೆಯ ಮಗು, ಅವಳಿಗೂ ಲೆಸ್ಲಿ ಅನ್ನುವ ಗೆಳೆಯನಿದ್ದ, ಅವನು ಕಟ್ಟಿದ ರಾಗವನ್ನೇ ಅವಳು ಗುನುಗುತ್ತಾಳೆ, ಆ ರಾಗದಿಂದಲೇ ರೇ ತನ್ನ ಮಗ ಅನ್ನುವುದು ಬಯಲಾಗುತ್ತದೆ. ಖಳನಾಯಕಿಯನ್ನು ಒಂದೇ ಕಂತಿನಲ್ಲಿ ಮನುಷ್ಯಳನ್ನಾಗಿ ಮಾಡಿ, ಆದರೂ ತಪ್ಪನ್ನು ಮಾಫಿ ಮಾಡದೆ ಬಿಟ್ಟ ಬರವಣಿಗೆ ಅದು. ಎರಡನೇ ಸೀಸನ್ನಿನ ಕೊನೆಯಲ್ಲಿ ಅವಳು ಬಂದೂಕು ತಿರುಗಿಸಿ ಮಕ್ಕಳ ಕಡೆ ಸೇರುತ್ತಾಳೆ. ಸೇರಬಾರದು ಅಂತ ನಾನು ಹೇಳುವುದಿಲ್ಲ, ಮಂಗಾದಲ್ಲೂ ಸೇರುತ್ತಾಳೆ. ಆದರೆ ಅಲ್ಲಿ ಎಮ್ಮಾಳನ್ನು ಉಳಿಸಲು ಹೋಗಿ ಸಾಯುತ್ತಾಳೆ. ಅವಳನ್ನು ಕ್ಷಮಿಸಬೇಕೋ ಬೇಡವೋ ಅಂತ ಮಕ್ಕಳಿಗೂ ನಮಗೂ ಗೊತ್ತಾಗುವ ಮೊದಲೇ ಅವಳು ಕೈ ತಪ್ಪಿ ಹೋಗುತ್ತಾಳೆ. ಅನಿಮೆಯಲ್ಲಿ ಅವಳು ಬದುಕಿ ಉಳಿಯುತ್ತಾಳೆ, ಎಲ್ಲರ ಜೊತೆ ಒಳ್ಳೆಯವಳಾಗಿಬಿಡುತ್ತಾಳೆ. ಅವಳ ಕೈಯಿಂದಲೇ ಸಾವಿಗೆ ಹೋದ ಮಕ್ಕಳ ಲೆಕ್ಕ ಯಾರೂ ಕೇಳುವುದಿಲ್ಲ. ಕಾನಿ ನೆನಪಾಗಿ ನನಗೆ ಕೂರಲಾಗಲಿಲ್ಲ.

ಇನ್ನು ಕೊನೆಯ ಕಂತು. ಮಕ್ಕಳ ಹಳೆಯ ಮನೆ ಗ್ರೇಸ್ ಫೀಲ್ಡ್‌ಗೆ ನುಗ್ಗುವುದು, ಫಾರ್ಮ್‌ಗಳನ್ನು ನಡೆಸುವ ಮನುಷ್ಯ ಕುಲದ ಯಜಮಾನ ಪೀಟರ್ ರಾಟ್ರಿಯ ಸಾವು, ಎಲ್ಲ ಓಡುತ್ತಾ ಓಡುತ್ತಾ. ಬಾಗಿಲು ತೆರೆದು ಉಳಿದವರು ಮನುಷ್ಯರ ಲೋಕಕ್ಕೆ ಹೋಗುತ್ತಾರೆ, ಎಮ್ಮಾ ಮತ್ತು ಕೆಲವರು ಮಾತ್ರ ಹಿಂದೆ ಉಳಿಯುತ್ತಾರೆ. ಆಮೇಲೆ ಶುರುವಾಯಿತು ನೋಡಿ, ಮಾತಿಲ್ಲದ ಚಿತ್ರಗಳ ಸಾಲು. ರಾಕ್ಷಸರ ಲೋಕ ಬದಲಾದದ್ದು, ದೇವರಂಥ ಒಂದು ಜೀವದ ಎದುರು ಹೊಸ ಒಪ್ಪಂದ ಮಾಡಿಕೊಂಡದ್ದು, ಹಾಗೆಂದರೆ ಮಂಗಾದಲ್ಲಿ ಸಂಪುಟಗಟ್ಟಲೆ ಇರುವುದೆಲ್ಲ, ಒಂದಾದ ಮೇಲೊಂದು ಚಿತ್ರವಾಗಿ ಸರಿದು ಹೋಯಿತು. ತಮ್ಮ ನನ್ನ ಕಡೆ ತಿರುಗಿ, 'ರಿಮೋಟ್ ಮೇಲೆ ಕೂತಿದ್ಯಾ?' ಅಂದ. ಅವನಿಗೆ ನಿಜಕ್ಕೂ ಫಾಸ್ಟ್ ಫಾರ್ವರ್ಡ್ ಆಗಿದೆ ಅನ್ನಿಸಿತ್ತು.

ಆ ಒಪ್ಪಂದಕ್ಕೆ ಮಂಗಾದಲ್ಲಿ ಎಮ್ಮಾ ಏನು ಕೊಡುತ್ತಾಳೆ ಗೊತ್ತಾ? ತನ್ನ ನೆನಪುಗಳನ್ನು. ಯಾರಿಗಾಗಿ ಇಷ್ಟೆಲ್ಲ ಮಾಡಿದಳೋ ಅವರನ್ನೇ ಮರೆಯುತ್ತಾಳೆ, ಅವರಿಂದ ದೂರವಾಗುತ್ತಾಳೆ. ಉಳಿದವರು ಅವಳನ್ನು ಹುಡುಕಿ ಕಂಡುಹಿಡಿದಾಗ ಅವಳಿಗೆ ಇವರು ಯಾರೆಂದೇ ಗೊತ್ತಿಲ್ಲ, ಆದರೂ ಕಣ್ಣಲ್ಲಿ ನೀರು. ಅನಿಮೆಯಲ್ಲಿ ನಗುತ್ತಾ ಬಂದು ಎಲ್ಲರನ್ನೂ ಸೇರಿಕೊಳ್ಳುತ್ತಾಳೆ. ಒಪ್ಪಂದ ಆಯಿತು, ಬೆಲೆ ಏನು ಅಂತ ಯಾರೂ ಹೇಳಲಿಲ್ಲ. ಕಿವಿ ಕೊಯ್ದುಕೊಂಡ ಹುಡುಗಿಯ ಕಥೆ ಇದು!

ಒಂದು ಮಾತು ನ್ಯಾಯವಾಗಿ ಹೇಳಬೇಕು. ಮಂಗಾ ಏನೂ ಕುಂದಿಲ್ಲದ್ದಲ್ಲ. ಗೋಲ್ಡಿ ಪಾಂಡ್ ಆದ ಮೇಲೆ, ಅದರಲ್ಲೂ ಕೊನೆಯ ಭಾಗದಲ್ಲಿ, ಅದೂ ಅವಸರ ಮಾಡುತ್ತದೆ. ಮೊದಲ 37 ಅಧ್ಯಾಯಗಳ ಬಿಗಿ ಮತ್ತೆ ಬರಲಿಲ್ಲ ಅನ್ನುವವರ ಜೊತೆ ನಾನೂ ಸೇರುತ್ತೇನೆ. ಅಲ್ಲದೆ ಅನಿಮೆಗಾಗಿ ಕಥೆ ಬದಲಿಸುವ ಕೆಲಸದಲ್ಲಿ ಮೂಲ ಲೇಖಕ ಶಿರಾಯಿ ಅವರ ಕೈಯೂ ಇತ್ತು, ಆದ್ದರಿಂದ 'ಸ್ಟುಡಿಯೊದವರು ಹಾಳು ಮಾಡಿದರು' ಅಂತ ಸುಮ್ನೆ ಒಂದೇ ಕಡೆ ಬೆರಳು ತೋರಿಸುವುದೂ ಸರಿಯಲ್ಲ.

ನೀವು ಏನು ಮಾಡಬಹುದು ಅಂದರೆ, ಎರಡನೇ ಸೀಸನ್ನಿನ ಮೊದಲ ಎರಡು ಕಂತು ನೋಡಿ. ಆ ಹಕ್ಕಿಯ ದೃಶ್ಯಕ್ಕಾದರೂ ನೋಡಬೇಕು. ಅಲ್ಲಿಗೆ ನಿಲ್ಲಿಸಿ ಮಂಗಾದ 38ನೇ ಅಧ್ಯಾಯ ಹಿಡಿಯಿರಿ. ಸ್ವಲ್ಪ ಕಥೆ ಮತ್ತೆ ಬರುತ್ತದೆ, ಬೇಜಾರಾಗುವುದಿಲ್ಲ. ಯೂಗೊ ಮೊದಲ ಸಲ ಕಾಣಿಸಿಕೊಂಡಾಗ ಅವನ ಮೇಲೆ ಸಿಟ್ಟು ಬರುತ್ತದೆ, ಬರಲಿ. ನನ್ನ ತಮ್ಮ ಅವನನ್ನು ಮೂರು ದಿನ ಬೈದ. ನಾಲ್ಕನೇ ದಿನ ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ, 'ಈ ಮನುಷ್ಯನನ್ನು ತೆಗೆದುಹಾಕಿದ್ರಾ?' ಅಂತ ಕೇಳಿದ.