ಓದುಗರ ಪ್ರಶ್ನೆ: ಫಿನ್ಲೆಂಡಿನ ಶಾಲೆಯೂ ನಮ್ಮ ಬೀದಿಯ ಶಾಲೆಯೂ

ಪ್ರಶ್ನೆ: ಫಿನ್ಲೆಂಡಿನಲ್ಲಿ ಮಕ್ಕಳು ಏಳನೆಯ ವಯಸ್ಸಿಗೆ ಶಾಲೆ ಸೇರುತ್ತಾರೆ, ದೊಡ್ಡ ಪರೀಕ್ಷೆಗಳಿಲ್ಲ, ಹೋಮ್‌ವರ್ಕ್ ಕಡಿಮೆ, ಆದರೂ ಆ ದೇಶ ಜಗತ್ತಿಗೇ ಮಾದರಿ ಎಂದು ಓದುತ್ತಿರುತ್ತೇನೆ. ನನ್ನ ನಾಲ್ಕು ವರ್ಷದ ಮೊಮ್ಮಗಳು ಎಲ್‌ಕೆಜಿಯಲ್ಲಿ ದಿನವೂ ಎರಡು ಪುಟ ಕಾಪಿ ಬರೆಯುತ್ತಾಳೆ. ಫಿನ್ಲೆಂಡಿನ ಪದ್ಧತಿಯನ್ನು ಕರ್ನಾಟಕವೂ ಏಕೆ ತರಬಾರದು?
— ನಿವೃತ್ತ ಬ್ಯಾಂಕ್ ಉದ್ಯೋಗಿ, ರಾಜಾಜಿನಗರ

ಉತ್ತರ: ನಿಮ್ಮ ಕಳವಳ ನ್ಯಾಯವಾದದ್ದು. ನಾಲ್ಕು ವರ್ಷದ ಮಗುವಿನ ಬೆರಳು ಮಣ್ಣು ಕಲಸಲು, ಮಣಿ ಪೋಣಿಸಲು ಸಿದ್ಧವಾಗಿರುತ್ತದೆಯೇ ಹೊರತು ಎರಡು ಪುಟ ತುಂಬಿಸಲು ಅಲ್ಲ. ಆದರೆ ಫಿನ್ಲೆಂಡನ್ನು ಹೊಗಳುವ ಬರಹಗಳಲ್ಲಿ ಪರೀಕ್ಷೆಯಿಲ್ಲದ ಸಂಗತಿ ಮೊದಲ ಸಾಲಿನಲ್ಲೇ ಬರುತ್ತದೆ. ಅಲ್ಲಿಗೆ ಅವರು ಯಾವ ದಾರಿಯಲ್ಲಿ ಬಂದರು ಎಂಬುದು ಬರುವುದೇ ಇಲ್ಲ.

1960ರ ದಶಕದವರೆಗೂ ಫಿನ್ಲೆಂಡಿನ ಮಕ್ಕಳನ್ನು ಹನ್ನೊಂದರ ಆಸುಪಾಸಿನಲ್ಲೇ ಎರಡು ದಾರಿಗೆ ಹಚ್ಚುತ್ತಿದ್ದರು. ಶುಲ್ಕ ಕಟ್ಟಬಲ್ಲವರ ಮಕ್ಕಳಲ್ಲಿ ಪ್ರವೇಶ ಪರೀಕ್ಷೆ ಗೆದ್ದವರು ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಶಾಲೆಗೆ ಹೋಗುತ್ತಿದ್ದರು, ಉಳಿದವರು ಬೇಗ ಮುಗಿಯುವ ಶಾಲೆಗೆ. 1968ರಲ್ಲಿ ಸಂಸತ್ತು ಈ ಕವಲನ್ನು ಮುಚ್ಚಿ, ಒಂಬತ್ತು ವರ್ಷ ಎಲ್ಲರೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂಬ ಕಾನೂನು ಮಾಡಿತು. ಜಾರಿ ಆರಂಭವಾದದ್ದು 1972ರಲ್ಲಿ, ಉತ್ತರದ ಹಿಮಪ್ರದೇಶವಾದ ಲ್ಯಾಪ್‌ಲೆಂಡಿನಿಂದ. ವರ್ಷವರ್ಷಕ್ಕೆ ದಕ್ಷಿಣಕ್ಕೆ ಇಳಿಯುತ್ತಾ ಬಂದ ಈ ವ್ಯವಸ್ಥೆ ರಾಜಧಾನಿ ಹೆಲ್ಸಿಂಕಿಯ ಸುತ್ತಮುತ್ತ ತಲುಪಿದ್ದು 1977ರಲ್ಲಿ. ಒಂದೇ ಶಾಲೆಯೊಳಗೂ ಗಣಿತ ಮತ್ತು ವಿದೇಶಿ ಭಾಷೆಗಳಲ್ಲಿ ಮಕ್ಕಳನ್ನು ಮಟ್ಟಗಳಾಗಿ ವಿಂಗಡಿಸುತ್ತಿದ್ದ ರೂಢಿ 1985ರಲ್ಲಿ ನಿಂತಿತು. ಅಷ್ಟರಲ್ಲಿ, 1979ರ ಸುಧಾರಣೆಯ ಫಲವಾಗಿ, ಒಂದನೇ ತರಗತಿಯ ಮೇಷ್ಟ್ರಿಗೂ ಸ್ನಾತಕೋತ್ತರ ಪದವಿ ಅಗತ್ಯವಾಗಿತ್ತು. ಇಷ್ಟೆಲ್ಲ ಆದ ಮೇಲೆ, 1990ರ ದಶಕದ ಆರಂಭದಲ್ಲಿ, ಶಾಲಾ ತಪಾಸಣೆಯನ್ನು ಕೈಬಿಟ್ಟು ಶಿಕ್ಷಕರನ್ನು ನಂಬಿ ಬಿಟ್ಟರು. ನಾವು ಮೊದಲು ತರಬೇಕೆನ್ನುವುದು ಅವರಲ್ಲಿ ಕಟ್ಟಕಡೆಗೆ ಬಂದದ್ದು.

ಬೆಳಿಗ್ಗೆ ಏಳಕ್ಕೆ ನಮ್ಮ ಬೀದಿಯಲ್ಲಿ ನಿಂತರೆ ಕಾಣುವುದು ಇದು. ಹಳದಿ ವ್ಯಾನು ಬಂದು ಹಾರ್ನ್ ಹಾಕುತ್ತದೆ. ಟೈ ಕಟ್ಟಿಕೊಂಡ ಒಂದನೇ ತರಗತಿಯ ಹುಡುಗ ಅರೆನಿದ್ದೆಯಲ್ಲಿ ಹತ್ತಿ, ಮುಂದಿನ ಸೀಟಿಗೆ ಹಣೆಯಾನಿಸಿ ಮತ್ತೆ ಮಲಗುತ್ತಾನೆ. ಹನ್ನೆರಡು ಕಿಲೋಮೀಟರ್ ದೂರದ ಶಾಲೆಗೆ ಹೊರಟ ಆ ವ್ಯಾನು ತಿರುವಿನಲ್ಲಿರುವ ಸರ್ಕಾರಿ ಶಾಲೆಯ ಗೋಡೆಗೆ ಹೆಚ್ಚುಕಡಿಮೆ ಒರೆಸಿಕೊಂಡೇ ಸಾಗುತ್ತದೆ. ಆ ಶಾಲೆಗೆ ಬರುವವರು ಹಿಂದಿನ ಗಲ್ಲಿಯ ಕಟ್ಟಡ ಕಾರ್ಮಿಕರ ಮಕ್ಕಳು. ಒಂದೇ ಬೀದಿಯಲ್ಲಿ ಬೆಳೆಯುವ ಈ ಮಕ್ಕಳಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಫಿನ್ಲೆಂಡಿನಲ್ಲಿ ಶಾಲೆಯ ಬಿಸಿಯೂಟ 1948ರಿಂದ ಎಲ್ಲ ಮಕ್ಕಳಿಗೂ ಉಚಿತ. ವೈದ್ಯರ ಮಗಳೂ ಲಾರಿ ಚಾಲಕನ ಮಗನೂ ಉಣ್ಣುವುದು ಒಂದೇ ಅಡುಗೆಮನೆಯ ಊಟವನ್ನು. ನಮ್ಮಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ನಿಜಕ್ಕೂ ದೊಡ್ಡ ಕೆಲಸ, ಆದರೆ ಅದರ ತಟ್ಟೆಯೆದುರು ಕೂರುವವರು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಮಾತ್ರ. ಅನುಕೂಲಸ್ಥರ ಮಕ್ಕಳೂ ಅದನ್ನೇ ಉಣ್ಣುವಂತಿದ್ದರೆ ಬೇಳೆ ನೀರಾದ ದಿನವೇ ಕೇಳುವವರು ಇರುತ್ತಿದ್ದರು.

ಫಿನ್ಲೆಂಡ್ ಚಿಕ್ಕ ದೇಶ ಎಂಬ ಮಾತೂ ನಿಜ. ಅಲ್ಲಿನ ಜನಸಂಖ್ಯೆ ಸುಮಾರು 56 ಲಕ್ಷ. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಂತೆ 96 ಲಕ್ಷ ಜನರಿದ್ದರು. ಜೊತೆಗೆ ಆ ದೇಶವೂ ಈಗ ಚಿಂತೆಯಲ್ಲಿದೆ: ಹಲವು ದೇಶಗಳ ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಹೋಲಿಸುವ ಪೀಸಾ ಪರೀಕ್ಷೆಯಲ್ಲಿ ಅದರ ಗಣಿತದ ಸರಾಸರಿ ಅಂಕ 2006ರಲ್ಲಿ 548 ಇದ್ದದ್ದು 2022ರಲ್ಲಿ 484ಕ್ಕೆ ಇಳಿದಿದೆ.

ಇನ್ನು ಹೆದರಿಸದೆ ಕಲಿಸುವ ವಿಧಾನಕ್ಕಾಗಿ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ಕಂಡುಬಂದ ಶಿಕ್ಷಕರು 1990ರ ದಶಕದ ನಡುವೆ ಎಚ್.ಡಿ. ಕೋಟೆಯ ಕಾಡಂಚಿನ ಶಾಲೆಗಳಲ್ಲಿ, ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿಯನ್ನು ಕಟ್ಟಿದರು. ಕಳೆದ ವರ್ಷ ನಗರದ ಒಂದು ನಲಿ-ಕಲಿ ಕೊಠಡಿಯಲ್ಲಿ ಅರ್ಧ ದಿನ ಕುಳಿತಿದ್ದೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿಕೊಂಡ ಹುಡುಗಿಯೊಬ್ಬಳು ತಾನೇ ಕಾರ್ಡು ಹುಡುಕಿ ತಂದು, ತನ್ನ ಗುಂಪಿನಲ್ಲಿ ಕೂತು, ಪಕ್ಕದವನಿಗೆ ‘ಳ’ ತಿದ್ದಿಸತೊಡಗಿದಳು. ಟೀಚರ್ ಅಷ್ಟು ಹೊತ್ತೂ ಇನ್ನೊಂದು ಗುಂಪಿನ ಜೊತೆಗಿದ್ದರು. ಆದರೆ ಮೂರು ತರಗತಿಗಳ ಮಕ್ಕಳಿಗೆ ಅವರೊಬ್ಬರೇ. ಆ ಮಧ್ಯಾಹ್ನ ಅವರಿಗೆ ಇಲಾಖೆಯ ಮಾಹಿತಿ ತುಂಬುವ ಕೆಲಸವೂ ಬಂತು, ಕೊಠಡಿ ಗದ್ದಲವಾಯಿತು. ಕರ್ನಾಟಕಕ್ಕೆ ಬೇಕಿರುವುದು ಆ ಟೀಚರಿಗೆ ಇನ್ನೊಬ್ಬ ಜೊತೆಗಾತಿ, ಮತ್ತು ವ್ಯಾನು ಹತ್ತುವ ಹುಡುಗ ಅದೇ ಕೊಠಡಿಗೆ ಬರುವಂತಹ ನಂಬಿಕೆ.

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಶಾಲೆ ಮುಗಿಸಿ ಟ್ಯೂಷನ್, ಭಾನುವಾರ ಕೋಚಿಂಗ್. ಸರ್ಕಾರವೇ ಟ್ಯೂಷನ್ ನಿಷೇಧಿಸಿದರೆ ಎಲ್ಲ ಮಕ್ಕಳಿಗೂ ಉಸಿರಾಡಲು ಬಿಡುವು ಸಿಗುವುದಿಲ್ಲವೇ?
— ತಂದೆ, ಜಯನಗರ

ಉತ್ತರ: ದಕ್ಷಿಣ ಕೊರಿಯಾ ಇದನ್ನು ಮಾಡಿ ನೋಡಿತು. 1980ರಲ್ಲಿ ಅಲ್ಲಿನ ಮಿಲಿಟರಿ ಆಡಳಿತ ಖಾಸಗಿ ಪಾಠವನ್ನು ನಿಷೇಧಿಸಿತು. ಕದ್ದುಮುಚ್ಚಿ ಪಾಠ ನಡೆಯಿತು, ಉಳ್ಳವರು ಹೆಚ್ಚು ತೆತ್ತು ಹೇಳಿಸಿಕೊಂಡರು. 2000ದಲ್ಲಿ ಸಾಂವಿಧಾನಿಕ ನ್ಯಾಯಾಲಯ ನಿಷೇಧವನ್ನು ರದ್ದುಮಾಡಿತು. ಅದಕ್ಕೂ ಮೊದಲು, 1969ರಲ್ಲಿ, ಸೋಲ್ ನಗರದಲ್ಲಿ ಮಾಧ್ಯಮಿಕ ಶಾಲೆಯ ಪ್ರವೇಶ ಪರೀಕ್ಷೆಯನ್ನು ತೆಗೆದು ಲಾಟರಿಯಿಂದ ಮಕ್ಕಳನ್ನು ಹಂಚಿದಾಗ ಪೈಪೋಟಿ ಪ್ರೌಢಶಾಲೆಯ ಬಾಗಿಲಿಗೆ ಸರಿಯಿತು. 1974ರಿಂದ ಅಲ್ಲೂ ಲಾಟರಿ ಬಂದಾಗ ವಿಶ್ವವಿದ್ಯಾಲಯದ ಬಾಗಿಲಿಗೆ. ಚೀನಾ 2021ರಲ್ಲಿ ಶಾಲಾ ವಿಷಯಗಳ ಕೋಚಿಂಗಿನಿಂದ ಲಾಭ ಮಾಡುವುದನ್ನೇ ನಿಲ್ಲಿಸಿತು, ಅಲ್ಲೂ ಪಾಠ ಮನೆಗಳೊಳಗೆ ಸೇರಿಕೊಂಡಿತು. ನಮ್ಮ ಕೇಂದ್ರ ಸರ್ಕಾರ 2024ರ ಜನವರಿಯ ಮಾರ್ಗಸೂಚಿಯಲ್ಲಿ 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು ಎಂದಿದೆ; ನಿಮ್ಮ ಮಗನ ಕೇಂದ್ರ ಇದನ್ನು ಪಾಲಿಸುತ್ತಿಲ್ಲವೆಂದು ತೋರುತ್ತದೆ. ಒಳ್ಳೆಯ ಕಾಲೇಜುಗಳ ಸೀಟು ಹೆಚ್ಚದೆ ನಿಷೇಧವೊಂದೇ ಕೆಲಸಕ್ಕೆ ಬಾರದು. ಅಲ್ಲಿಯವರೆಗೆ ಭಾನುವಾರವನ್ನಾದರೂ ಮಗನಿಗೆ ಮರಳಿ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಅಕ್ಕನ ಮಗನಿಗೆ ಹಿಂದೆ ಆರ್‌ಟಿಇಯಲ್ಲಿ ಖಾಸಗಿ ಶಾಲೆಯ ಸೀಟು ಸಿಕ್ಕಿತ್ತು. ನನ್ನ ಮಗಳಿಗೆ ಸಿಗಲಿಲ್ಲ. ನಮ್ಮ ವಾರ್ಡಿನಲ್ಲಿ ಸರ್ಕಾರಿ ಶಾಲೆ ಇದೆ ಎಂದರು. ಬೇರೆ ದೇಶಗಳಲ್ಲೂ ಬಡವರಿಗೆ ಹೀಗೆಯೇ?
— ಮನೆಕೆಲಸ ಮಾಡುವ ತಾಯಿ, ಲಗ್ಗೆರೆ

ಉತ್ತರ: ನಿಮಗೆ ಹೇಳಿದ್ದು ನಿಯಮದ ಪ್ರಕಾರ ಸರಿ. ಶಿಕ್ಷಣ ಹಕ್ಕು ಕಾಯಿದೆ (ಆರ್‌ಟಿಇ) ಖಾಸಗಿ ಶಾಲೆಯ ಒಂದನೇ ತರಗತಿಯಲ್ಲಿ ಶೇ 25ರಷ್ಟು ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಎನ್ನುತ್ತದೆ. 2019–20ರಿಂದ ಕರ್ನಾಟಕದಲ್ಲಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ. ಹೈಕೋರ್ಟ್ ಇದನ್ನು ಅದೇ ವರ್ಷ ಎತ್ತಿಹಿಡಿಯಿತು. ಸರ್ಕಾರಿ ಶಾಲೆಗೆ ಮಕ್ಕಳು ಮರಳಲಿ ಎಂಬ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಅದರ ಹೊಣೆಯನ್ನು ನಿಮ್ಮಂಥವರ ಮಕ್ಕಳ ಮೇಲೆ ಮಾತ್ರ ಹೊರಿಸಿದ್ದು ತಪ್ಪು.

ಚಿಲಿ ದೇಶದಲ್ಲಿ 1981ರಿಂದ ಸರ್ಕಾರದ ಹಣ ಮಗುವಿನ ಹಿಂದೆಯೇ ಖಾಸಗಿ ಶಾಲೆಗೂ ಹೋಗುತ್ತಿತ್ತು. ಹಣ ಪಡೆದ ಶಾಲೆಗಳು ಸಂದರ್ಶನ ಮಾಡಿ ತಮಗೆ ಬೇಕಾದ ಮಕ್ಕಳನ್ನು ಆರಿಸಿಕೊಂಡವು, ಮೇಲೆ ಶುಲ್ಕವನ್ನೂ ಕೇಳಿದವು. 2006ರಲ್ಲಿ ಸಮವಸ್ತ್ರದಲ್ಲೇ ಪ್ರೌಢಶಾಲೆಯ ಮಕ್ಕಳು ಬೀದಿಗಿಳಿದರು, 2011ರಲ್ಲಿ ವಿದ್ಯಾರ್ಥಿಗಳು ಮತ್ತೆ ಇಳಿದರು. 2015ರ ಕಾನೂನು ಅನುದಾನ ಪಡೆಯುವ ಶಾಲೆಗಳಲ್ಲಿ ಮಕ್ಕಳ ಆಯ್ಕೆಯನ್ನೂ ಲಾಭವನ್ನೂ ನಿಷೇಧಿಸಿ, ಶುಲ್ಕವನ್ನು ಹಂತಹಂತವಾಗಿ ತೆಗೆಯಲು ಹೇಳಿತು. ಸೀಟಿಗಿಂತ ಅರ್ಜಿ ಹೆಚ್ಚಾದರೆ ಈಗ ಚೀಟಿ ಎತ್ತುವ ರೀತಿಯ ಹಂಚಿಕೆ. ಇದೂ ಲ್ಯಾಪ್‌ಲೆಂಡಿನಂತೆಯೇ ದೇಶದ ಅಂಚಿನಿಂದ, 2016ರಲ್ಲಿ ದಕ್ಷಿಣ ತುದಿಯ ಮಗಾಯಾನೆಸ್‌ನಿಂದ ಆರಂಭವಾಗಿ ರಾಜಧಾನಿ ಸಾಂಟಿಯಾಗೋವನ್ನು ಕೊನೆಗೆ ಮುಟ್ಟಿತು.

ನಿಮ್ಮ ಮಗಳನ್ನು ವಾರ್ಡಿನ ಸರ್ಕಾರಿ ಶಾಲೆಗೆ ಸೇರಿಸಿದ್ದರೆ, ಅಲ್ಲಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ತಪ್ಪದೆ ಹೋಗಿ. ಕಾಯಿದೆಯಂತೆ ಇಂಥ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು ಇರಲೇಬೇಕು. ಹಾಜರಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಶಿಕ್ಷಕರಿದ್ದಾರೆ ಎಂದು ಸಭೆಯಲ್ಲೇ ಕೇಳಿ, ಕಡಿಮೆಯಿದ್ದರೆ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಏನು ಉತ್ತರ ಬಂತೆಂದು ನಮಗೂ ಬರೆಯಿರಿ.