ಓದುಗರ ಪ್ರಶ್ನೆ: ಮೋರಿ ಕಟ್ಟಿಕೊಂಡಿದೆ, ಆನ್‌ಲೈನ್‌ನಲ್ಲಿ ಯಾವ ಪ್ಲಂಬರ್‌ನನ್ನು ನಂಬುವುದು?

ಮೋರಿ, ಚೇಂಬರ್, ಒಳಚರಂಡಿ ಪೈಪಿನ ರಿಪೇರಿಗೆ ಆನ್‌ಲೈನ್‌ನಲ್ಲಿ ಜನ ಹುಡುಕುವ ಬಗ್ಗೆ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಮೊಬೈಲ್‌ನಲ್ಲಿ ಹುಡುಕಿದರೆ ಹತ್ತಾರು ನಂಬರು ಬರುತ್ತವೆ, ಎಲ್ಲರಿಗೂ ಐದು ಸ್ಟಾರ್. ಆರಿಸುವುದು ಹೇಗೆ?

ಮೊದಲು ಆ ನಂಬರು ಯಾರದ್ದು ಅಂತ ತಿಳಿದುಕೊಳ್ಳಿ. ಹುಡುಕಿದಾಗ ಮೇಲೆ ಕಾಣುವ ಒಂದೆರಡು ಹೆಸರು ಸಾಮಾನ್ಯವಾಗಿ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಎಷ್ಟೋ ನಂಬರುಗಳ ಆಚೆ ತುದಿಯಲ್ಲಿ ಪ್ಲಂಬರೇ ಇರುವುದಿಲ್ಲ. ಕರೆ ತೆಗೆದುಕೊಂಡು, ಆ ಹೊತ್ತಿಗೆ ಬಿಡುವಾಗಿದ್ದವರನ್ನು ಕಳಿಸುವ ಮಧ್ಯವರ್ತಿ ಇರುತ್ತಾರೆ. ಆ ನಂಬರನ್ನೇ ಕಾಪಿ ಮಾಡಿ ಮತ್ತೊಮ್ಮೆ ಹುಡುಕಿ. ಒಂದೇ ನಂಬರು ನಾಲ್ಕು ಹೆಸರು, ನಾಲ್ಕು ವಿಳಾಸದಲ್ಲಿ ಸಿಕ್ಕಿದರೆ ಕೈಬಿಡಿ. ಲೈಸೆನ್ಸ್ ಕಡ್ಡಾಯವಿರುವ ಕಡೆ ಅದರ ಸಂಖ್ಯೆ ಕೇಳಿ, ಲೈಸೆನ್ಸ್ ಕೊಟ್ಟ ಇಲಾಖೆಯ ವೆಬ್‌ಸೈಟಿನಲ್ಲೇ ತಾಳೆ ನೋಡಿ. ಅವರು ಕಳಿಸಿದ ಫೋಟೊ ನೋಡಿ ಒಪ್ಪಿಕೊಳ್ಳಬೇಡಿ.

ರಿವ್ಯೂ ಓದುವಾಗ ಮೂರು, ನಾಲ್ಕು ಸ್ಟಾರಿನವುಗಳಿಂದ ಶುರುಮಾಡಿ. ‘ಸೂಪರ್ ಸರ್ವಿಸ್, ಥ್ಯಾಂಕ್ಸ್’ ಅನ್ನುವ ಐವತ್ತು ಸಾಲಿಗಿಂತ, ‘ಎರಡು ಗಂಟೆ ತಡವಾಗಿ ಬಂದರು, ಆದರೆ ಅಡುಗೆಮನೆ ಲೈನನ್ನು ಚೇಂಬರ್‌ವರೆಗೆ ತೊಳೆದು ತೋರಿಸಿದರು’ ಅನ್ನುವ ಒಂದು ಸಾಲಿಗೆ ತೂಕ ಜಾಸ್ತಿ. ಒಂದೇ ವಾರದಲ್ಲಿ ಇಪ್ಪತ್ತು ಹೊಗಳಿಕೆ ಬಂದು ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲದಿದ್ದರೆ ಅನುಮಾನಪಡಿ. ನಲ್ಲಿ, ಗೀಸರ್ ರಿಪೇರಿಗೆ ಸಿಕ್ಕ ಹೊಗಳಿಕೆಯನ್ನು ಚರಂಡಿ ಕೆಲಸದ ಲೆಕ್ಕಕ್ಕೆ ಸೇರಿಸಬೇಡಿ. ನಲ್ಲಿಯ ನೀರು ಒತ್ತಡದಲ್ಲಿ ಬರುತ್ತದೆ, ಕೊಳೆ ನೀರು ಬರೀ ಇಳಿಜಾರಿನಲ್ಲಿ ಹೋಗುತ್ತದೆ. ಎರಡಕ್ಕೂ ಬೇಕಾದ ಸಾಮಾನೇ ಬೇರೆ, ಅಭ್ಯಾಸವೇ ಬೇರೆ.

ನಿಜವಾದ ಪರೀಕ್ಷೆ ಫೋನಿನಲ್ಲಿ ಆಗುತ್ತದೆ. ಕೆಲಸ ಗೊತ್ತಿರುವವರು ರೇಟು ಹೇಳುವ ಮೊದಲು ನಿಮ್ಮನ್ನೇ ಕೇಳುತ್ತಾರೆ: ಒಂದೇ ಕಡೆ ಕಟ್ಟಿದೆಯೋ, ಎಲ್ಲ ಕಡೆಯೋ? ಯಾವ ಮಹಡಿ? ಚೇಂಬರ್ ಮುಚ್ಚಳ ತೆರೆಯಲು ಬರುತ್ತದೆಯೇ, ಮೇಲೆ ಟೈಲ್ಸ್ ಹಾಕಿಬಿಟ್ಟಿದ್ದೀರಾ? ಮೊದಲೂ ಹೀಗಾಗಿತ್ತೇ? ಆ್ಯಸಿಡ್ ಏನಾದರೂ ಸುರಿದಿದ್ದೀರಾ? ಇದೊಂದನ್ನೂ ಕೇಳದೆ ‘ಎಷ್ಟೇ ಕಟ್ಟಿರಲಿ, ಇಷ್ಟು ಕೊಡಿ’ ಎನ್ನುವವರು, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಸಾಲಿನವರು. ಅಂಥ ಅಗ್ಗದ ರೇಟು ಮನೆಯೊಳಗೆ ಕಾಲಿಡುವುದಕ್ಕಷ್ಟೇ; ‘ಇದು ಮಾಮೂಲಿ ಬ್ಲಾಕ್ ಅಲ್ಲ ಸಾರ್’ ಅನ್ನುವುದು ಬಂದ ಹತ್ತನೇ ನಿಮಿಷಕ್ಕೆ ಶುರುವಾಗುತ್ತದೆ.

ನೀವು ಕೇಳಬೇಕಾದದ್ದು ಮೂರು. ಕಟ್ಟಿದ್ದನ್ನು ಯಾವುದರಿಂದ ಬಿಡಿಸುತ್ತೀರಿ, ಪೈಪಿನೊಳಗೆ ತಿರುಗಿಸುತ್ತ ಬಿಡುವ ಸ್ಪ್ರಿಂಗೋ, ಜೋರು ಒತ್ತಡದಲ್ಲಿ ನೀರು ಚಿಮ್ಮಿಸುವ ಜೆಟ್ಟಿಂಗೋ? ಪೈಪಿನೊಳಗೆ ಇಳಿಸಿ ನೋಡುವ ಕ್ಯಾಮೆರಾ ನಿಮ್ಮದೇ ಇದೆಯೋ, ಬೇರೆಯವರಿಂದ ತರಿಸುತ್ತೀರೋ? ಬಂದು ನೋಡಿದ ಮೇಲೆ ಕೆಲಸ ಬೇಡ ಎಂದರೆ ಎಷ್ಟು ಕೊಡಬೇಕು? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಮುಂದಿನ ನಂಬರಿಗೆ ಹೋಗಿ.

ಪ್ರಶ್ನೆ: ಪ್ಲಂಬರ್ ಬರುವ ಮುನ್ನ ತೊಂದರೆ ಎಲ್ಲಿದೆ ಎಂದು ನಾವೇ ಅಂದಾಜು ಮಾಡಬಹುದೇ?

ಖಂಡಿತ ಮಾಡಬಹುದು. ಎಲ್ಲಿ ಕಟ್ಟಿದೆ ಎಂದು ನಿಮಗೆ ಗೊತ್ತಿದ್ದರೆ ಬಂದವರು ಸುಳ್ಳು ಹೇಳುವುದು ಕಷ್ಟ.

ಸಿಂಕ್ ಒಂದರಲ್ಲೇ ನೀರು ನಿಂತಿದ್ದರೆ ತೊಂದರೆ ಅದರ ಟ್ರ್ಯಾಪ್‌ನಲ್ಲಿ (ಸಿಂಕಿನಡಿ ಸ್ವಲ್ಪ ನೀರು ಸದಾ ನಿಲ್ಲುವ ಭಾಗ) ಅಥವಾ ಅಲ್ಲಿಂದ ಗೋಡೆಯೊಳಗೆ ಹೋಗುವ ಸಣ್ಣ ಪೈಪಿನಲ್ಲಿ. ಬಾಟಲ್ ಟ್ರ್ಯಾಪ್‌ನ ಕೆಳಗಿನ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಕೆಳಗೊಂದು ಬಕೆಟ್ ಇಟ್ಟುಕೊಳ್ಳಿ. ಕಮೋಡ್ ಫ್ಲಶ್ ಮಾಡಿದರೆ ಬಚ್ಚಲಿನ ಜಾಲರಿಯಲ್ಲಿ ನೀರು ಮೇಲೆ ಬರುತ್ತದೆ, ವಾಷಿಂಗ್ ಮಷಿನ್ ನೀರು ಬಿಟ್ಟರೆ ಕಮೋಡಿನಲ್ಲಿ ಗುಳುಗುಳು ಸದ್ದಾಗುತ್ತದೆ ಎಂದರೆ ಎಲ್ಲವೂ ಸೇರುವ ಮುಖ್ಯ ಲೈನು ಕಟ್ಟಿದೆ, ಇಲ್ಲವೇ ಗಾಳಿ ಪೈಪು ಮುಚ್ಚಿಹೋಗಿದೆ.

ಹೊರಗೆ ಚೇಂಬರುಗಳಿದ್ದರೆ ಲೆಕ್ಕ ಇನ್ನೂ ಸುಲಭ. ಮನೆಗೆ ಹತ್ತಿರದ್ದನ್ನು ಮೊದಲು ತೆರೆದು, ಬೀದಿಯ ಕಡೆಗೆ ಒಂದೊಂದಾಗಿ ನೋಡುತ್ತ ಹೋಗಿ. ಮೊದಲನೆಯದು ತುಂಬಿದೆ, ಎರಡನೆಯದು ಒಣಗಿದೆ ಎಂದರೆ ಅವೆರಡರ ನಡುವಿನ ಪೈಪು ಕಟ್ಟಿದೆ. ಮೊದಲನೆಯದೇ ಒಣಗಿದ್ದರೆ ತೊಂದರೆ ಮನೆಯೊಳಗೆ ಅಥವಾ ಮನೆಯಿಂದ ಆ ಚೇಂಬರಿಗೆ ಬರುವ ಪೈಪಿನಲ್ಲಿದೆ. ಬೀದಿ ಅಂಚಿನ ಕೊನೆಯ ಚೇಂಬರೂ ತುಂಬಿ ನಿಂತಿದ್ದರೆ ಹೆಚ್ಚಾಗಿ ಅದರಾಚೆಯ ಲೈನಿನಲ್ಲಿ ತಡೆಯಾಗಿರುತ್ತದೆ. ಆ ಭಾಗ ಸಾರ್ವಜನಿಕ ಕೊಳವೆಗೆ ಸೇರಿದ್ದಾದರೆ ಮೊದಲು ಸ್ಥಳೀಯ ಆಡಳಿತಕ್ಕೆ ದೂರು ಕೊಡಿ. ಅಕ್ಕಪಕ್ಕದ ಮನೆಯವರನ್ನೂ ವಿಚಾರಿಸಿ. ಅವರಲ್ಲೂ ನೀರು ನಿಂತಿದ್ದರೆ ಅನುಮಾನವೇ ಬೇಡ. ಮುಚ್ಚಳ ತೆರೆಯುವಾಗ ಬಗ್ಗಿ ಇಣುಕಬೇಡಿ, ಬೆಂಕಿ ಹತ್ತಿರ ತರಬೇಡಿ, ತೆರೆದು ಹಾಗೇ ಬಿಟ್ಟು ಒಳಗೆ ಹೋಗಬೇಡಿ.

ಇದೆಲ್ಲವನ್ನೂ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿ ಇಬ್ಬರು ಮೂವರು ಪ್ಲಂಬರ್‌ಗಳಿಗೆ ಕಳಿಸಿ. ಬರುವ ಉತ್ತರಗಳಲ್ಲೇ ಯಾರು ನೋಡಿದ್ದಾರೆ, ಯಾರು ನೋಡದೆ ‘ಬರ್ತೀವಿ ಮೇಡಂ’ ಎಂದಿದ್ದಾರೆ ಎಂಬುದು ತಿಳಿಯುತ್ತದೆ.

ಪ್ರಶ್ನೆ: ಸ್ಪ್ರಿಂಗ್ ಹಾಕಿ ಬಿಡಿಸಿದರು. ಎರಡೇ ತಿಂಗಳಲ್ಲಿ ಮತ್ತೆ ಅದೇ ಸಿಂಕ್ ಕಟ್ಟಿದೆ. ಮೋಸ ಹೋದೆವೇ?

ಮೋಸವೇ ಆಗಿರಬೇಕಿಲ್ಲ. ಅಡುಗೆಮನೆ ಪೈಪಿನಲ್ಲಿ ಎಣ್ಣೆ ಜಿಡ್ಡು ಪೈಪಿನ ಒಳಗೋಡೆಗೆ ಸುತ್ತಲೂ ಮೆತ್ತಿ ಗಟ್ಟಿಯಾಗಿರುತ್ತದೆ. ಸ್ಪ್ರಿಂಗ್ ಅದರ ನಡುವೆ ಒಂದು ತೂತು ಕೊರೆಯುತ್ತದೆ, ನೀರು ಸರ್ರನೆ ಇಳಿಯುತ್ತದೆ, ಎಲ್ಲರಿಗೂ ಖುಷಿ. ಜಿಡ್ಡು ಮಾತ್ರ ಅಲ್ಲೇ ಇರುತ್ತದೆ, ತೂತು ಮತ್ತೆ ಮುಚ್ಚಿಕೊಳ್ಳುತ್ತದೆ. ಕೂದಲು, ಬಟ್ಟೆ ಚೂರು ಸಿಕ್ಕಿಕೊಂಡಿದ್ದರೆ ಸ್ಪ್ರಿಂಗ್ ಒಳ್ಳೆಯ ಸಾಧನ, ಎಳೆದು ತರುತ್ತದೆ. ಜಿಡ್ಡಿಗೆ ಜೆಟ್ಟಿಂಗ್ ಬೇಕು: ಅದರ ನಾಜಲ್ ಹಿಂದಕ್ಕೆ ಚಿಮ್ಮುವ ನೀರಿನ ಬಲದಿಂದ ಮುಂದೆ ಸಾಗುತ್ತ ಗೋಡೆಯನ್ನು ಕೆರೆದು ತೊಳೆಯುತ್ತದೆ. ಹಳೆಯ, ಬಿರುಕು ಬಿಟ್ಟ ಪೈಪಿಗೆ ಮಾತ್ರ ಜೋರು ಒತ್ತಡ ಅಪಾಯ. ಕ್ಯಾಮೆರಾ ಇಳಿಸಿ ನೋಡಿ, ಆಮೇಲೆ ಒತ್ತಡ ಎಷ್ಟಿರಬೇಕೆಂದು ತೀರ್ಮಾನಿಸುವವರೇ ಸರಿಯಾದವರು.

ಸ್ಪ್ರಿಂಗಿನ ದಪ್ಪವೂ ಮುಖ್ಯ. ಸಿಂಕಿನ ಪೈಪಿಗೆ 6ರಿಂದ 10 ಮಿ.ಮೀ. ಸಾಕು. ಅದೇ ತೆಳು ಸ್ಪ್ರಿಂಗನ್ನು 110 ಮಿ.ಮೀ. ಮುಖ್ಯ ಲೈನಿಗೆ ಹಾಕಿದರೆ ಒಳಗೇ ಮಡಚಿ ಸುತ್ತಿಕೊಳ್ಳುತ್ತದೆ, ಸಿಕ್ಕಿಬಿದ್ದರೆ ಪೈಪು ಕೊಯ್ದೇ ತೆಗೆಯಬೇಕು. ಮುಖ್ಯ ಲೈನಿಗೆ 16 ಮಿ.ಮೀ. ಅಥವಾ ದಪ್ಪದ ಕೇಬಲ್ ಇರುವ ಮೋಟಾರ್ ಯಂತ್ರ ಬೇಕು. ಬರುವ ಮೊದಲೇ ‘ನಿಮ್ಮ ಮಷಿನ್ ಫೋಟೊ ಕಳಿಸಿ’ ಎನ್ನಲು ಸಂಕೋಚ ಬೇಡ.

ಪ್ರಶ್ನೆ: ಬಂದವರು ‘ಪೂರ್ತಿ ಲೈನೇ ಬದಲಿಸಬೇಕು, ನೆಲ ಒಡೆಯಬೇಕು’ ಎನ್ನುತ್ತಿದ್ದಾರೆ. ಒಪ್ಪುವುದೇ?

ವಿಡಿಯೊ ನೋಡದೆ ಒಪ್ಪಬೇಡಿ. ಕ್ಯಾಮೆರಾ ಪರೀಕ್ಷೆಯ ವಿಡಿಯೊದಲ್ಲಿ ಪರದೆಯ ಮೂಲೆಯಲ್ಲಿ ಮೀಟರ್ ಅಂಕಿ ಓಡುತ್ತಿರಬೇಕು. ಎಷ್ಟನೇ ಮೀಟರಿನಲ್ಲಿ ಪೈಪು ಒಡೆದಿದೆ ಎಂಬುದು ಅದರಿಂದಲೇ ಗೊತ್ತಾಗುವುದು. ವಿಡಿಯೊ ನಿಮ್ಮ ಮನೆಯ ಕಮೋಡ್ ಅಥವಾ ಚೇಂಬರಿನಿಂದ ಶುರುವಾಗಬೇಕು. ನಡುವಿನಿಂದ ಶುರುವಾಗುವ ವಿಡಿಯೊ ಯಾರ ಮನೆಯದೋ ಏನೋ. ಜತೆಗೆ ಪೈಪನ್ನು ಮೊದಲು ತೊಳೆದು ಆಮೇಲೆ ಕ್ಯಾಮೆರಾ ಇಳಿಸಿರಬೇಕು, ಕೊಳೆ ನೀರಿನಡಿಯಲ್ಲಿ ಬಿರುಕೂ ಕಾಣದು, ಒಳಗೆ ನುಗ್ಗಿದ ಮರದ ಬೇರೂ ಕಾಣದು.

ಏನು ಕಂಡರೆ ಏನು ಮಾಡಬೇಕು? ಜಾಯಿಂಟಿನಲ್ಲಿ ಕೂದಲಿನಂಥ ಬೇರು ನುಗ್ಗಿದ್ದರೆ ಕತ್ತರಿಸಿ ತೊಳೆದು, ಆ ಜಾಯಿಂಟನ್ನಷ್ಟೇ ಸರಿಪಡಿಸಿದರೆ ಸಾಕಾಗಬಹುದು. ಒಂದೆಡೆ ಒಡೆದಿದ್ದರೆ ಆ ತುಂಡನ್ನು ಕೊಯ್ದು ಹೊಸ ತುಂಡನ್ನು ಪೈಪು ಜೋಡಿಸುವ ಎರಡು ರಿಪೇರಿ ಕಪ್ಲರ್‌ಗಳಿಂದ ಸೇರಿಸಬಹುದು. ಕ್ಯಾಮೆರಾ ನೀರಿನಲ್ಲಿ ಮುಳುಗಿ ಒಂದೆರಡು ಮೀಟರ್ ಆದಮೇಲೆ ಮೇಲೆ ಬಂದರೆ ಅಲ್ಲಿ ಪೈಪು ಕುಸಿದು ಜೋಲಿ ಬಿದ್ದಿದೆ. ಅದನ್ನು ಎಷ್ಟು ಸಲ ತೊಳೆದರೂ ಪ್ರಯೋಜನವಿಲ್ಲ, ಅಗೆದು ಇಳಿಜಾರು ಸರಿ ಮಾಡಲೇಬೇಕು. ಉದ್ದಕ್ಕೂ ಹಲವು ಕಡೆ ಒಡೆದಿದ್ದರೆ ಮಾತ್ರ ಪೂರ್ತಿ ಬದಲಿಸುವ ಮಾತು. ಬಿರುಕಿನ ಮೇಲೆ ಸಿಮೆಂಟ್ ಮೆತ್ತುವುದು, ಟೇಪ್ ಸುತ್ತುವುದು ರಿಪೇರಿಯಲ್ಲ.

ಬದಲಿಸುವುದೇ ಆದರೆ ಕೋಟೇಶನ್ನಿನಲ್ಲಿ ‘ಡ್ರೈನೇಜ್ ಕೆಲಸ, ಒಟ್ಟು ಇಷ್ಟು’ ಎಂಬ ಒಂದೇ ಸಾಲು ಇರಬಾರದು. ಪೈಪಿನ ವ್ಯಾಸ, ಉದ್ದ ಎಷ್ಟು ಮೀಟರ್, ಎಷ್ಟು ಆಳ, ಯಾವ ದರ್ಜೆಯ ಪೈಪು, ಬೆಂಡ್ ಎಷ್ಟು, ಮಣ್ಣು ಸಾಗಿಸುವವರು ಯಾರು, ಒಡೆದ ನೆಲ ಮತ್ತೆ ಹಾಕುವವರು ಯಾರು, ಎಷ್ಟು ದಿನ, ಎಷ್ಟು ತಿಂಗಳ ಗ್ಯಾರಂಟಿ, ಎಲ್ಲವೂ ಬರಹದಲ್ಲಿರಲಿ. ಟೈಲ್ಸ್ ವಿಷಯದಲ್ಲೇ ಕೊನೆಗೆ ಜಗಳ ಬರುವುದು, ಅದನ್ನು ಮೊದಲೇ ಬಗೆಹರಿಸಿಕೊಳ್ಳಿ.

ಪ್ರಶ್ನೆ: ಬುಕಿಂಗ್ ಖಾತ್ರಿಗೆ ಸಣ್ಣ ಮೊತ್ತ ಕಟ್ಟಿ ಎಂದು ಲಿಂಕ್ ಕಳಿಸುತ್ತಾರೆ.

ಒತ್ತಬೇಡಿ. ಕೇಳುವುದು ಪುಡಿಗಾಸೇ ಇರಬಹುದು, ಅವರ ಕಣ್ಣು ನಿಮ್ಮ ಕಾರ್ಡ್ ವಿವರದ ಮೇಲೆ, ಒಟಿಪಿಯ ಮೇಲೆ. ‘ನಮ್ಮ ಆ್ಯಪ್ ಹಾಕಿಕೊಳ್ಳಿ, ಸ್ಕ್ರೀನ್ ಶೇರ್ ಮಾಡಿ’ ಎಂದರಂತೂ ಫೋನ್ ಇಟ್ಟುಬಿಡಿ. ‘ರೀಫಂಡ್ ಕೊಡುತ್ತೇವೆ, ಪಿನ್ ಹಾಕಿ’ ಎಂಬುದೂ ಬಲೆಯೇ. ಹಣ ನಿಮ್ಮ ಖಾತೆಗೆ ಬರಲು ಪಿನ್ ಬೇಕಿಲ್ಲ. ದೊಡ್ಡ ಕೆಲಸಕ್ಕೆ ಸಾಮಾನಿನ ಬಾಬ್ತು ಮುಂಗಡ ಕೇಳುವುದು ನ್ಯಾಯ. ಸಾಮಾನು ಮನೆಗೆ ಬಂದಮೇಲೆ, ಅಂಗಡಿ ಬಿಲ್ ನೋಡಿ ಕೊಡಿ. ಒಂದು ಭಾಗವನ್ನು ಕೆಲಸ ಪರೀಕ್ಷೆ ಆಗುವವರೆಗೆ ಹಿಡಿದಿಟ್ಟುಕೊಳ್ಳಿ.

ಪ್ರಶ್ನೆ: ನೀರು ಸರಾಗ ಹೋಗುತ್ತದೆ, ವಾಸನೆ ಮಾತ್ರ ತಡೆಯಲಾಗದು. ಇದಕ್ಕೂ ಪ್ಲಂಬರ್ ಬೇಕೇ?

ಬೇಡವಾಗಬಹುದು. ಬಳಸದ ಬಚ್ಚಲಿನ ನೆಲದ ಜಾಲರಿಯಡಿ ಇರುವ ನಹಾನಿ ಟ್ರ್ಯಾಪ್‌ಗೆ ಮೊದಲು ಒಂದು ಬಕೆಟ್ ನೀರು ಹಾಕಿ. ಟ್ರ್ಯಾಪ್‌ನಲ್ಲಿ ಸದಾ 50 ಮಿ.ಮೀ.ನಷ್ಟು ನೀರು ನಿಂತು ಕೊಳೆ ಗಾಳಿಯನ್ನು ತಡೆಯಬೇಕು. ಬಳಸದೆ ಬಿಟ್ಟರೆ ಅದು ಆರಿಹೋಗುತ್ತದೆ. ಊರಿಗೆ ಹೋಗುವ ಮುನ್ನ ಆ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆರುವುದು ನಿಧಾನ. ಆಮೇಲೆ ಸಿಂಕ್ ಕೆಳಗೆ ನೋಡಿ. ಸುಕ್ಕು ಸುಕ್ಕಾದ ಪೈಪನ್ನು ನೆಲದ ಪೈಪಿಗೆ ಸುಮ್ಮನೆ ತುರುಕಿ, ಸುತ್ತ ಸಂದು ಹಾಗೇ ಬಿಟ್ಟಿರುವುದು ತೀರಾ ಸಾಮಾನ್ಯ. ಅಳತೆಗೆ ಸರಿಯಾದ ರಬ್ಬರ್ ರಿಂಗ್ ಹಾಕಿದರೆ ಮುಗಿಯಿತು.

ಪ್ರಶ್ನೆ: ಕಟ್ಟಿದ ಪೈಪಿಗೆ ಆ್ಯಸಿಡ್ ಹಾಕಿದ್ದೇವೆ. ಪ್ಲಂಬರ್‌ಗೆ ಹೇಳಬೇಕೆ?

ಮೊದಲ ಮಾತೇ ಅದಾಗಿರಲಿ. ನೀರಿಳಿಯದ ಪೈಪಿನಲ್ಲಿ ಆ್ಯಸಿಡ್ ಅಥವಾ ಕಾಸ್ಟಿಕ್ ಸೋಡಾ ಹಾಗೇ ನಿಂತಿರುತ್ತದೆ. ಟ್ರ್ಯಾಪ್ ಬಿಚ್ಚಿದರೆ ಕೈ ಮುಖಕ್ಕೆ ಬೀಳುತ್ತದೆ, ಸ್ಪ್ರಿಂಗ್ ತಿರುಗಿಸಿದರೆ ಸಿಡಿಯುತ್ತದೆ. ಆ್ಯಸಿಡ್ ಮೇಲೆ ಬ್ಲೀಚಿಂಗ್ ಹಾಕಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಪ್ರಶ್ನೆ: ‘ಹುಡುಗನನ್ನು ಮ್ಯಾನ್‌ಹೋಲ್‌ಗೆ ಇಳಿಸಿ ಕ್ಲೀನ್ ಮಾಡಿಸುತ್ತೇವೆ’ ಎಂದರು. ಸರಿಯೇ?

ಅವರನ್ನು ಬಾಗಿಲಿನಿಂದಲೇ ಕಳಿಸಿ. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದು, ಒಂದೆರಡು ಉಸಿರಿಗೆ ಮನುಷ್ಯ ಕುಸಿಯಬಹುದು. ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಮೇಲೆ ನಿಂತೇ ಮಾಡುವ ಜೆಟ್ಟಿಂಗ್ ಮತ್ತು ಹೀರು ಯಂತ್ರ ಇಲ್ಲದವರಿಗೆ ಈ ಕೆಲಸ ಕೊಡಬೇಡಿ.

ಪ್ರಶ್ನೆ: ಹೊಸ ಪೈಪು ಹಾಕಿದ್ದಾರೆ. ಮಣ್ಣು ಮುಚ್ಚುವ ಮುನ್ನ ಏನೇನು ನೋಡಬೇಕು?

ಇಳಿಜಾರು ಮೊದಲು. 110 ಮಿ.ಮೀ. ಪೈಪಿಗೆ 40ಕ್ಕೆ 1 ಎಂಬ ಲೆಕ್ಕ ಹಿಡಿದರೆ ಒಂದು ಮೀಟರಿಗೆ 25 ಮಿ.ಮೀ. ಇಳಿಯಬೇಕು, ಹತ್ತು ಮೀಟರಿಗೆ ಒಂದು ಗೇಣಿಗಿಂತ ತುಸು ಹೆಚ್ಚು. ಪೈಪಿನ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಎರಡು ಮೂರು ಕಡೆ ನೋಡಿ, ಬರೀ ಎರಡು ತುದಿ ನೋಡಿದರೆ ನಡುವಿನ ಜೋಲಿ ತಿಳಿಯದು. ಪೈಪಿನ ಕೆಳಗೆ ಮರಳು ಅಥವಾ ಸಣ್ಣ ಜಲ್ಲಿಯ ಹಾಸು ಇರಲಿ, ಕಲ್ಲು ಇಟ್ಟಿಗೆ ಚೂರಿನ ಮೇಲೆ ಪೈಪು ಕೂರಬಾರದು. ಒಂದು ಪೈಪಿಗೆ ಇನ್ನೊಂದು ಕೂರುವ ಸಾಕೆಟ್ಟಿನ ಅಗಲ ಬಾಯಿ ನೀರು ಬರುವ ಕಡೆಗಿರಬೇಕು. ತಿರುಗಿಸಿ ಹಾಕಿದ್ದರೆ ಪ್ರತಿ ಜಾಯಿಂಟಿನಲ್ಲೂ ಒಳಗೊಂದು ಅಂಚು ಎದುರಾಗಿ ಕಸ ತಡೆಯುತ್ತದೆ. ದಿಕ್ಕು ಬದಲಾಗುವಲ್ಲಿ ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿಸಿ, ಹತ್ತಿರದಲ್ಲೇ ಬಾಗಿಲಿರುವ ಡೋರ್ ಬೆಂಡ್ ಅಥವಾ ಚೇಂಬರ್ ಇರಲಿ.

ಸೊಲ್ಯೂಷನ್ (ಪೈಪಿನ ಅಂಟು) ಹಚ್ಚಿದ ಜಾಯಿಂಟ್‌ಗಳಿಗೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಿ. ಆಮೇಲೆ ಕೆಳ ತುದಿಗೆ ಟೆಸ್ಟ್ ಪ್ಲಗ್ (ನೀರು ತಡೆಯುವ ಬಿರಡೆ) ಬಿಗಿದು ಪೈಪು ತುಂಬ ನೀರು ನಿಲ್ಲಿಸಿ, ಮೇಲಿನ ಮಟ್ಟಕ್ಕೆ ಗುರುತು ಹಾಕಿ ಅರ್ಧ ಗಂಟೆ ಕಾಯಿರಿ. ಮಟ್ಟ ಇಳಿಯುತ್ತಿದ್ದರೆ ಜಾಯಿಂಟ್‌ಗಳಿಗೆ ಒಣ ಕಾಗದ ಒತ್ತುತ್ತ ಹೋಗಿ, ಒದ್ದೆಯಾದಲ್ಲಿ ಸೋರಿಕೆ. ಪ್ಲಗ್ ತೆಗೆದ ಮೇಲೆ ಕಮೋಡಿಗೆ ನಾಲ್ಕು ತುಂಡು ಟಾಯ್ಲೆಟ್ ಪೇಪರ್ ಹಾಕಿ ಫ್ಲಶ್ ಮಾಡಿ, ಆ ನಾಲ್ಕೂ ತುಂಡು ಚೇಂಬರಿನಲ್ಲಿ ಹಾದುಹೋಗುವುದನ್ನು ಒಬ್ಬರು ನಿಂತು ಎಣಿಸಲಿ.

ಎಲ್ಲ ಸರಿಯಿದ್ದರೆ ಗೋಡೆಯಿಂದ ಪೈಪಿಗೆ ಅಳತೆ ಟೇಪ್ ಹಿಡಿದು, ಅಂಕಿ ಕಾಣುವ ಹಾಗೆ ಫೋಟೊ ತೆಗೆಯಿರಿ. ಪ್ರತಿ ಬೆಂಡ್, ಪ್ರತಿ ಜಾಯಿಂಟಿನದೂ ಇರಲಿ. ಮಣ್ಣು ಮುಚ್ಚಲು ಆಮೇಲೆ ಹೇಳಿ.