ಅಮ್ಮನಿಗೆ ಎಂಆರ್‌ಐ ಬರೆದಿದ್ದಾರೆ. ಚಿತ್ರ ಸ್ಪಷ್ಟವಾಗಿ ಬರಲಿ ಅಂತ ಚುಚ್ಚುವ ಕಾಂಟ್ರಾಸ್ಟ್‌ನಲ್ಲಿ ನ್ಯಾನೊ ಕಣ, ಅಂದ್ರೆ ತೀರಾ ಸೂಕ್ಷ್ಮ ಕಣ ಇರುತ್ತಂತೆ, ಬೇಡ ಅನ್ನಲೇ?

ನಾನೂ ಇದನ್ನೇ ಕೇಳುತ್ತಾ ಕೂತಿದ್ದೆ. ಶಿಡ್ಲಘಟ್ಟದಿಂದ ಅಪ್ಪನನ್ನು ಸಿಟಿ ಸ್ಕ್ಯಾನ್‌ಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ರಾತ್ರಿಯೆಲ್ಲ ಮೊಬೈಲ್‌ನಲ್ಲಿ ನ್ಯಾನೊ ಪುರಾಣ. ಟೆಕ್ನಿಷಿಯನ್ನರನ್ನು ಹಿಡಿದು "ಇದರಲ್ಲಿ ನ್ಯಾನೊ ಇದೆಯಾ ಸರ್?" ಅಂದೆ. "ಇದು ಅಯೋಡಿನ್ದು, ಸ್ವಾಮಿ" ಅಂತ ನಕ್ಕರು. ನಿರಾಳವಾಯಿತು. ಫಾರ್ಮ್‌ನಲ್ಲಿ "ಕಿಡ್ನಿ ತೊಂದರೆ ಇದೆಯಾ?" ಅಂತಿತ್ತು. "ಇಲ್ಲ" ಅಂತ ಬರೆದೆ.

ಅಲ್ಲೇ ಎಡವಿದ್ದು. ಸುಳ್ಳು ಹೇಳಬೇಕು ಅಂತಲ್ಲ. ಆರು ತಿಂಗಳ ಹಿಂದೆ ಅಪ್ಪನ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) 1.8 ಬಂದಿತ್ತು. "ಸ್ವಲ್ಪ ಜಾಸ್ತಿ ಇದೆ, ನೀರು ಕುಡೀರಿ" ಅಂದಿದ್ದರು ಡಾಕ್ಟರು, ಅಷ್ಟೇ. ನಮ್ಮ ಲೆಕ್ಕದಲ್ಲಿ ಕಿಡ್ನಿ ತೊಂದರೆ ಅಂದ್ರೆ ಡಯಾಲಿಸಿಸ್ ಅಲ್ವಾ? ಆ ರಿಪೋರ್ಟು ರೇಷ್ಮೆಗೂಡಿನ ಮಾರ್ಕೆಟ್ ಚೀಟಿಗಳ ಜೊತೆ ಬೀರುವಿನಲ್ಲೇ ಉಳಿದಿತ್ತು. ಅಪ್ಪ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್, ಮಂಡಿ ನೋವಿಗೆ ದಿನಾ ಒಂದು ಮಾತ್ರೆ ನುಂಗುತ್ತಿದ್ದರು. ಅಯೋಡಿನ್ ಕಾಂಟ್ರಾಸ್ಟ್‌ನಂತೆ ಅದೂ ದುರ್ಬಲ ಕಿಡ್ನಿಗೆ ಹೊಡೆತ. ಅದನ್ನೂ ಹೇಳಲಿಲ್ಲ, ಮಾತ್ರೆ ಅಂತಲೇ ನಮಗೆ ಅನ್ನಿಸಿರಲಿಲ್ಲ. ಮೂರನೇ ದಿನ ಮೂತ್ರ ಕಡಿಮೆಯಾಯಿತು. ಕ್ರಿಯಾಟಿನಿನ್ 3.4. ಐದು ದಿನ ಅಡ್ಮಿಟ್. ಇಳಿಯಿತು, ಆದರೆ ಮತ್ತೆ 1.8ಕ್ಕೆ ಬರಲೇ ಇಲ್ಲ.

ನಿಮ್ಮ ಭಯಕ್ಕೆ ಬುಡವಿಲ್ಲ ಅಂತಲ್ಲ. 1930ರಿಂದ 50ರ ದಶಕದವರೆಗೆ ಥೊರೊಟ್ರಾಸ್ಟ್ ಅನ್ನೋ ಕಾಂಟ್ರಾಸ್ಟ್ ಆಗಿ ಥೋರಿಯಂ ಆಕ್ಸೈಡ್‌ನ ಸೂಕ್ಷ್ಮ ಕಣಗಳನ್ನೇ ಚುಚ್ಚುತ್ತಿದ್ದರು. ವಿಕಿರಣ ಸೂಸುವ ಕಣ ಲಿವರ್‌ನಲ್ಲೇ ಕೂತು, ದಶಕಗಳಾದ ಮೇಲೆ ಕ್ಯಾನ್ಸರ್ ತಂತು. ಆದರೆ ಈಗ ಎಂಆರ್‌ಐಗೆ ಸಾಮಾನ್ಯವಾಗಿ ಹಾಕುವುದು ಗ್ಯಾಡೊಲಿನಿಯಂ. ಅದು ನ್ಯಾನೊ ಕಣವೇ ಅಲ್ಲ, ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ತೀರಾ ಕೆಟ್ಟವರಿಗೆ ಅದರ ಹಳೇ ಬಗೆಗಳಿಂದ ಚರ್ಮ ಗಟ್ಟಿಯಾಗುವ ಕಾಯಿಲೆ ಬರಬಹುದು ಅಂತ 2006ರಲ್ಲಿ ಗೊತ್ತಾಯಿತು. ತಮಾಷೆ ನೋಡಿ, ಅಂಥವರಿಗೆ ಕೆಲವು ಕಡೆ ಅದರ ಬದಲು ಕೊಡುವ ಫೆರುಮಾಕ್ಸಿಟಾಲೇ ನಿಮ್ಮ ನ್ಯಾನೊ ಕಣ! ಕಬ್ಬಿಣದ್ದು, ರಕ್ತಹೀನತೆಗೆ ಅಂತ ಬಂದ ಔಷಧಿ. ಅಪರೂಪಕ್ಕೆ ಜೀವಕ್ಕೇ ಕುತ್ತಾಗುವಂಥ ಅಲರ್ಜಿ ಆಗುತ್ತದೆ. ಅದಕ್ಕೇ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಿಧಾನವಾಗಿ ಡ್ರಿಪ್‌ನಲ್ಲೇ ಕೊಡಿ ಅಂತ ಕಟ್ಟುನಿಟ್ಟು ಮಾಡಿತು.

ಹಾಗಾಗಿ ನೀವು ಕೇಳಿರುವುದೇ ತಪ್ಪು ಪ್ರಶ್ನೆ. ಸುಮ್ನೆ ಬೇಡ ಅನ್ನಬೇಡಿ. ಏನು ಚುಚ್ಚುತ್ತಾರೆ, ಅದರ ಹೆಸರು ಕೇಳಿ. ಅಮ್ಮನ ಕ್ರಿಯಾಟಿನಿನ್ ಈ ವಾರವೇ ಮಾಡಿಸಿ. ಮಂಡಿ ನೋವಿನದೂ ಸೇರಿ ಮನೇಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ಫಾರ್ಮ್‌ನಲ್ಲಿ ಗೊತ್ತಿಲ್ಲದ್ದಕ್ಕೆ "ಇಲ್ಲ" ಅಂತ ಬರೀಬೇಡಿ. ಖಾಲಿ ಬಿಟ್ಟು ಅಲ್ಲಿದ್ದವರನ್ನೇ ಕೇಳಿ.